ವಿಕಟವನ್ನು ಓದುವ ಬಗೆ: ಜನ್ನ, ದಾಂತೆಯಿಂದ ಕಾಫ್ಕಾ, ಮಾರ್ಕ್ವೆಜ್‌ವರೆಗೆ

‘ಗ್ರೊಟೆಸ್ಕ್ ಅಂದರೆ ಬೀಭತ್ಸ ರಸವೇ ತಾನೆ?’ ‘ರಾಬ್ಲೆ ನಗಿಸುತ್ತಾನೆ, ಕಾಫ್ಕಾ ಉಸಿರು ಕಟ್ಟಿಸುತ್ತಾನೆ, ಇಬ್ಬರಿಗೂ ಒಂದೇ ಹೆಸರು ಹೇಗೆ ಒಪ್ಪುತ್ತದೆ?’ ‘ಓದಲು ಕೂತರೆ ಅಸಹ್ಯವಾಗುತ್ತದೆ, ಮುಂದುವರಿಸಲೇ ಬೇಡವೇ?’ ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. (ರಾಬ್ಲೆ ಹದಿನಾರನೆಯ ಶತಮಾನದ ಫ್ರೆಂಚ್ ಲೇಖಕ, ಕಾಫ್ಕಾ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನ್ ಭಾಷೆಯಲ್ಲಿ ಬರೆದವನು.) ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಇಂಥ ಸಾಹಿತ್ಯವನ್ನು ಓದುವ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಗ್ರೊಟೆಸ್ಕ್ ಅನ್ನು ಈ ಲೇಖನದುದ್ದಕ್ಕೂ ‘ವಿಕಟ’ ಎಂದು ಕರೆಯುತ್ತೇನೆ.

ಮೊದಲು, ಕೆಲಸಕ್ಕೆ ಸಾಲುವಷ್ಟು ವ್ಯಾಖ್ಯೆ. ಮನುಷ್ಯ ಮತ್ತು ಪ್ರಾಣಿ, ಸಾವು ಮತ್ತು ತಮಾಷೆ, ಪೂಜ್ಯ ಮತ್ತು ಹೊಲಸು, ಹೀಗೆ ಒಂದಕ್ಕೊಂದು ಸೇರದ ಎರಡು ಸಂಗತಿಗಳು ಒಂದೇ ದೇಹದಲ್ಲೋ ಒಂದೇ ದೃಶ್ಯದಲ್ಲೋ ಬೆಸೆದುಕೊಳ್ಳುತ್ತವೆ. ಓದುವವರಲ್ಲಿ ನಗುವೂ ಹೇಸಿಗೆಯೂ ಒಟ್ಟಿಗೆ ಏಳುತ್ತವೆ, ಕೆಲವೊಮ್ಮೆ ನಗುವೂ ಭಯವೂ. ಯಾವುದು ಗೆಲ್ಲಬೇಕೆಂದು ಕೃತಿ ಹೇಳುವುದಿಲ್ಲ. ವಿಮರ್ಶಕ ಫಿಲಿಪ್ ಥಾಮ್ಸನ್ 1972ರಲ್ಲಿ ಬರೆದ ಪುಟ್ಟ ಪುಸ್ತಕದಲ್ಲಿ ಈ ಬಗೆಹರಿಯದ ತಿಕ್ಕಾಟವನ್ನೇ ವಿಕಟದ ಮುಖ್ಯ ಲಕ್ಷಣವೆಂದು ಗುರುತಿಸಿದ. ನಾನು ಒತ್ತಿ ಹೇಳಬೇಕೆಂದಿರುವುದೂ ಇಷ್ಟೇ: ಆ ತಿಕ್ಕಾಟವನ್ನು ಅವಸರದಲ್ಲಿ ಬಗೆಹರಿಸಬೇಡಿ. ಮುಂದಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ.

ಏನೇನು ಬೇಕು

ಒಂದು ಸಣ್ಣ ಕತೆ, ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ಸಿಲ್, ಎರಡು ಸಲ ಓದುವ ವ್ಯವಧಾನ. ಹಳೆಯ ಕೃತಿಗಳಿಗೆ ಟಿಪ್ಪಣಿ ಇರುವ ಅನುವಾದವೇ ಆಗಬೇಕು. ರಾಬ್ಲೆಯ ತಮಾಷೆಯ ದೊಡ್ಡ ಪಾಲು ಅವನ ಕಾಲದ ಪಂಡಿತರ, ವಕೀಲರ, ವೈದ್ಯರ ಮಾತಿನ ಧಾಟಿಯನ್ನು ಅಣಕಿಸುವುದರಲ್ಲಿದೆ. ಟಿಪ್ಪಣಿ ಇಲ್ಲದೆ ಓದಿದರೆ ಅಣಕ ಕಾಣುವುದಿಲ್ಲ, ಹೊಲಸು ಮಾತ್ರ ಕೈಗೆ ಹತ್ತುತ್ತದೆ.

ಇಲ್ಲೇ ಮೊದಲ ಎಚ್ಚರಿಕೆ. ‘ಸಂಕ್ಷಿಪ್ತ’, ‘ಮಕ್ಕಳಿಗಾಗಿ’ ಎಂದಿರುವ ಆವೃತ್ತಿಗಳನ್ನು ಮುಟ್ಟಬೇಡಿ. ಸ್ವಿಫ್ಟ್‌ನ 1726ರ ಗಲಿವರನ ಕತೆಯನ್ನು ಚಿಕ್ಕಂದಿನಲ್ಲಿ ಓದಿದವರಲ್ಲಿ ಹೆಚ್ಚಿನವರಿಗೆ, ಅವನು ಲಿಲಿಪುಟ್ಟಿನ ಅರಮನೆಗೆ ಬಿದ್ದ ಬೆಂಕಿಯನ್ನು ಮೂತ್ರ ಹೊಯ್ದು ಆರಿಸಿದ್ದು ಗೊತ್ತೇ ಇರುವುದಿಲ್ಲ. ದೈತ್ಯರ ನಾಡಿನಲ್ಲಿ ದಾದಿಯೊಬ್ಬಳ ಮೊಲೆಯನ್ನು ಹತ್ತಿರದಿಂದ ಕಂಡು ಅವನು ಹೇಸಿದ್ದೂ ಗೊತ್ತಿರುವುದಿಲ್ಲ. ಸಂಕ್ಷೇಪಿಸುವವರು ಕತ್ತರಿ ಹಾಕುವುದು ಸರಿಯಾಗಿ ಇಂಥ ಜಾಗಕ್ಕೇ. ಕತೆ ಉಳಿಯುತ್ತದೆ, ವಿಕಟ ಹೋಗಿಬಿಡುತ್ತದೆ.

ಹಂತ 1: ಗೊಗೋಲನ ‘ಮೂಗು’ ಓದಿ, ಪೆನ್ಸಿಲ್ ಮುಟ್ಟಬೇಡಿ

ಕಾಲಕ್ರಮದಲ್ಲಿ ಮಧ್ಯಯುಗದಿಂದ ಶುರು ಮಾಡಬೇಕು ಅನ್ನಿಸುವುದು ಸಹಜ. ಆದರೆ ಹಾಗೆ ಶುರು ಮಾಡಿದವರು ಅಡಿಟಿಪ್ಪಣಿಗಳಲ್ಲಿ ಮುಳುಗಿ ಅಲ್ಲೇ ನಿಲ್ಲುತ್ತಾರೆ. ರಷ್ಯದ ಲೇಖಕ ಗೊಗೋಲ್ 1836ರಲ್ಲಿ ಪ್ರಕಟಿಸಿದ ‘ಮೂಗು’ ಒಂದೇ ಸಲ ಕೂತು ಓದಿ ಮುಗಿಸಬಹುದಾದ ಕತೆ. ಮಾರ್ಚ್ 25ರ ಬೆಳಗ್ಗೆ ಕ್ಷೌರಿಕನೊಬ್ಬನಿಗೆ ತಿನ್ನುವ ಬ್ರೆಡ್ಡಿನೊಳಗೆ ಮೂಗು ಸಿಗುತ್ತದೆ. ಅದು ಅವನ ಗಿರಾಕಿ, ಕೊವಾಲ್ಯೋವ್ ಎಂಬ ಮಧ್ಯಮ ದರ್ಜೆಯ ಅಧಿಕಾರಿಯ ಮೂಗು. ಆ ಅಧಿಕಾರಿ ಎದ್ದು ಕನ್ನಡಿ ನೋಡಿದರೆ ಮೂಗಿದ್ದ ಜಾಗ ಚಪ್ಪಟೆ. ಮೂಗು ಅಷ್ಟರಲ್ಲಿ ಅವನಿಗಿಂತ ಮೇಲಿನ ದರ್ಜೆಯ ಸಮವಸ್ತ್ರ ತೊಟ್ಟು ಸಾರೋಟಿನಲ್ಲಿ ಓಡಾಡುತ್ತಿದೆ, ಪ್ರಾರ್ಥನಾ ಮಂದಿರಕ್ಕೂ ಹೋಗಿ ಬರುತ್ತದೆ. ‘ನೀವು ನನ್ನ ಮೂಗಲ್ಲವೇ’ ಎಂದು ಕೊವಾಲ್ಯೋವ್ ವಿನಯದಿಂದ ಕೇಳಿದರೆ ಅದು ಗದರಿ ಕಳಿಸುತ್ತದೆ.

ಓದುವಾಗ ‘ಇದರ ಅರ್ಥವೇನು’ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ. ಗಮನಿಸಬೇಕಾದದ್ದು ಒಂದೇ: ಈ ಕತೆಯಲ್ಲಿ ಯಾರಿಗೆ ಯಾವುದು ವಿಚಿತ್ರವಾಗಿ ಕಾಣುತ್ತದೆ? ಮೂಗು ಕಳೆದುಹೋಗಿದೆ ಎಂದು ಜಾಹೀರಾತು ಕೊಡಲು ಹೋದರೆ ಪತ್ರಿಕೆಯ ಗುಮಾಸ್ತನಿಗೆ ಪತ್ರಿಕೆಯ ಹೆಸರು ಕೆಡುತ್ತದೆಂಬ ಚಿಂತೆ. ಕೊನೆಗೆ ಮರುಕ ಹುಟ್ಟಿ ಅವನು ಮೂಗಿಲ್ಲದವನ ಮುಂದೆ ನಶ್ಯದ ಡಬ್ಬಿ ಚಾಚುತ್ತಾನೆ. ಆ ಡಬ್ಬಿಯ ಹತ್ತಿರ ನಿಮಗೆ ನಗು ಬಂದು, ಮರುಗಳಿಗೆ ಏನೋ ಚುಚ್ಚಿದಂತಾದರೆ, ವಿಕಟ ಎಂದರೇನೆಂದು ನಿಮಗೆ ತಿಳಿದಂತೆಯೇ.

ಹಂತ 2: ದೇಹವನ್ನು ದೇಹವಾಗಿಯೇ ಓದಿ

ಹೆಚ್ಚಿನ ಓದು ಹಾಳಾಗುವುದು ಈ ಹಂತದಲ್ಲಿ. ಕಾಫ್ಕಾನ ‘ರೂಪಾಂತರ’ 1915ರಲ್ಲಿ ಪ್ರಕಟವಾಯಿತು, ಗ್ರೆಗೋರ್ ಸಾಮ್ಸಾ ಎಂಬ ನೌಕರ ಒಂದು ಬೆಳಗ್ಗೆ ಹುಳುವಾಗಿ ಏಳುವ ಕತೆ. ಅದನ್ನು ಓದಿದ ಐದನೆಯ ನಿಮಿಷಕ್ಕೇ ‘ಹುಳು ಎಂದರೆ ಪರಕೀಯತೆಯ ಸಂಕೇತ’ ಎಂದು ಬರೆದುಕೊಳ್ಳುವವರಿದ್ದಾರೆ. ಬರೆದುಕೊಂಡ ಕ್ಷಣದಿಂದ ಅವರಿಗೆ ಹುಳು ಕಾಣುವುದಿಲ್ಲ, ಸಂಕೇತ ಮಾತ್ರ ಕಾಣುತ್ತದೆ.

ಹೀಗೆ ಮಾಡಿ. ಮೊದಲ ಭಾಗವನ್ನು ಮತ್ತೆ ಓದುತ್ತ, ಗ್ರೆಗೋರ್ ಸಾಮ್ಸಾನ ಮೈಗೆ ಸಂಬಂಧಿಸಿದ್ದನ್ನೆಲ್ಲ ನೋಟ್‌ಬುಕ್ಕಿನ ಒಂದು ಮಗ್ಗುಲಲ್ಲಿ ಬರೆಯಿರಿ: ಗಟ್ಟಿ ಬೆನ್ನು, ಹತೋಟಿಗೆ ಸಿಗದೆ ಪಟಪಟಿಸುವ ಕಾಲುಗಳು, ಬಾಗಿಲ ಬೀಗವನ್ನು ದವಡೆಯಿಂದ ತಿರುಗಿಸುವಾಗ ಸೋರುವ ದ್ರವ. ಇನ್ನೊಂದು ಮಗ್ಗುಲಲ್ಲಿ ಅವನ ತಲೆಯೊಳಗೆ ಓಡುವುದನ್ನು ಬರೆಯಿರಿ: ಐದು ಗಂಟೆಯ ರೈಲು ತಪ್ಪಿತು, ಮೇಲಧಿಕಾರಿ ಏನನ್ನುತ್ತಾನೆ, ಅಪ್ಪ ಅಮ್ಮನ ಸಾಲ ತೀರಬೇಕು. ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೈ ಹುಳುವಿನದು, ಚಿಂತೆ ನೌಕರನದು. ತಾನು ಹುಳುವಾದೆನೆಂದು ಅವನು ಕಿರುಚುವುದಿಲ್ಲ, ಕೆಲಸಕ್ಕೆ ತಡವಾಯಿತೆಂದು ಕಳವಳಪಡುತ್ತಾನೆ. ವಿಕಟ ಇರುವುದು ಈ ಎರಡು ಪಟ್ಟಿಗಳ ನಡುವಿನ ಬಿರುಕಿನಲ್ಲಿ. ಹುಳುವನ್ನು ಸಂಕೇತವಾಗಿ ಕರಗಿಸಿದರೆ ಮೊದಲ ಪಟ್ಟಿಯೇ ಅಳಿಸಿಹೋಗುತ್ತದೆ.

ಮುಖಪುಟದಲ್ಲಿ ಆ ಕೀಟದ ಚಿತ್ರ ಬರೆಸಬಾರದು, ದೂರದಿಂದಲೂ ತೋರಿಸಬಾರದು ಎಂದು ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದಿದ್ದ. ಚಿತ್ರ ಬಂದರೆ ಓದುಗರಿಗೆ ಒಂದು ಖಚಿತವಾದ ಜೀವಿ ಸಿಕ್ಕಿಬಿಡುತ್ತದೆ, ಮನುಷ್ಯ-ಹುಳು ಎರಡೂ ಆಗಿರುವ ಮೈ ತಪ್ಪಿಹೋಗುತ್ತದೆ. ಅದು ಯಾವ ಜಾತಿಯ ಕೀಟ ಎಂದು ಹುಡುಕಿ ನಿಶ್ಚಯಿಸಹೊರಡುವುದೂ ಅದೇ ತಪ್ಪು, ದಯವಿಟ್ಟು ಅದಕ್ಕೆ ಹೊತ್ತು ಕಳೆಯಬೇಡಿ. ಇನ್ನೊಂದು ಮಾತನ್ನೂ ಇಲ್ಲೇ ಸೇರಿಸುತ್ತೇನೆ. ತನ್ನ ‘ವಿಚಾರಣೆ’ಯ ಮೊದಲ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳುವಾಗ ಕಾಫ್ಕಾ ನಗು ತಡೆಯಲಾರದೆ ಓದನ್ನು ನಿಲ್ಲಿಸಬೇಕಾಯಿತು ಎಂದು ಅವನ ಗೆಳೆಯ ಮಾಕ್ಸ್ ಬ್ರಾಡ್ ದಾಖಲಿಸಿದ್ದಾನೆ. ಕಾಫ್ಕಾನನ್ನು ಓದುವಾಗ ನಗಬಾರದೆಂಬ ಗಂಭೀರ ಮುಖ ಓದುಗರು ತಾವಾಗಿ ಹಾಕಿಕೊಂಡದ್ದು.

ಹಂತ 3: ಎರಡು ಬಣ್ಣದಲ್ಲಿ ಗುರುತು ಹಾಕಿ

ಈಗ ಪೆನ್ಸಿಲ್ ತೆಗೆದುಕೊಳ್ಳಿ. ನಗು ಬಂದಲ್ಲಿ ಒಂದು ಬಣ್ಣ, ಹೇಸಿಗೆಯೋ ಭಯವೋ ಆದಲ್ಲಿ ಇನ್ನೊಂದು. ಎರಡೂ ಒಂದೇ ಸಾಲಿನ ಮೇಲೆ ಬಿದ್ದ ಜಾಗಗಳನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಿ.

ಅಭ್ಯಾಸಕ್ಕೆ ರಾಬ್ಲೆಯ ‘ಪಾಂಟಗ್ರುಯೆಲ್’ನ ಮೂರನೆಯ ಅಧ್ಯಾಯಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಪುಸ್ತಕ 1532ರದು. ದೈತ್ಯ ಗಾರ್ಗಾಂಟುವಾನ ಹೆಂಡತಿ ಬಾದ್ಬೆಕ್ ಮಗನನ್ನು ಹೆತ್ತು ಸಾಯುತ್ತಾಳೆ. ಹೆಂಡತಿಗಾಗಿ ಅಳಬೇಕೋ ಮಗನಿಗಾಗಿ ನಗಬೇಕೋ ತಿಳಿಯದೆ ಅವನು ತೊಳಲುತ್ತಾನೆ. ಎರಡೂ ಕಡೆಗೆ ತರ್ಕಶಾಸ್ತ್ರದ ಪ್ರಕಾರ ಪಕ್ಕಾ ವಾದ ಹೂಡಬಲ್ಲ, ಆದರೆ ಬಿಡಿಸಲಾರ. ಹಸುವಿನ ಹಾಗೆ ಅಳುತ್ತಾನೆ, ಮಗ ನೆನಪಾದೊಡನೆ ಕರುವಿನ ಹಾಗೆ ನಗುತ್ತಾನೆ. ಆ ಅಧ್ಯಾಯದ ದುಃಖ ನಿಜವಾದ ದುಃಖ, ನಗುವೂ ನಿಜವಾದ ನಗು. ಒಂದನ್ನು ಇನ್ನೊಂದು ಸುಳ್ಳು ಮಾಡುವುದಿಲ್ಲ.

ಇದಕ್ಕೆ ಎದುರು ತುದಿ ಶೇಕ್ಸ್‌ಪಿಯರನ ‘ಟೈಟಸ್ ಆಂಡ್ರಾನಿಕಸ್’. ಇಬ್ಬರು ಮಕ್ಕಳ ಪ್ರಾಣ ಉಳಿಸಲೆಂದು ಟೈಟಸ್ ತನ್ನ ಕೈಯನ್ನೇ ಕಡಿಸಿಕೊಟ್ಟು ಕಳಿಸುತ್ತಾನೆ. ಮರಳಿ ಬರುವುದು ಅದೇ ಕೈ, ಜೊತೆಗೆ ಇಬ್ಬರು ಮಕ್ಕಳ ತಲೆಗಳು. ಆಗ ಅವನು ಹಹ್ಹಹ್ಹ ಎಂದು ನಗುತ್ತಾನೆ. ಯಾಕೆ ನಗುತ್ತೀ ಎಂದು ತಮ್ಮ ಕೇಳಿದರೆ, ಸುರಿಸಲು ಕಣ್ಣೀರು ಉಳಿದಿಲ್ಲ ಎನ್ನುತ್ತಾನೆ. ರಾಬ್ಲೆಯಲ್ಲಿ ಪಾತ್ರ ನಕ್ಕಾಗ ನಾವೂ ನಗುತ್ತೇವೆ. ಇಲ್ಲಿ ಪಾತ್ರ ನಗುತ್ತದೆ, ನಮ್ಮ ಮೈ ಜುಮ್ಮೆನ್ನುತ್ತದೆ. ಗುರುತು ಹಾಕುವಾಗ ಈ ವ್ಯತ್ಯಾಸವನ್ನೂ ಬರೆದಿಡಿ, ಏಳನೆಯ ಹಂತದಲ್ಲಿ ಬೇಕಾಗುತ್ತದೆ.

ಒಂದು ಸಮಸ್ಯೆ ಬರಬಹುದು. ಕೆಲವರಿಗೆ ಒಂದೇ ಬಣ್ಣ ತುಂಬಿಕೊಳ್ಳುತ್ತದೆ, ಎಲ್ಲವೂ ಅಸಹ್ಯ ಅಥವಾ ಎಲ್ಲವೂ ತಮಾಷೆ. ಹಾಗಾದರೆ ಪುಸ್ತಕವನ್ನು ಒಂದು ವಾರ ಮುಚ್ಚಿಟ್ಟು, ಅದೇ ಭಾಗವನ್ನು ಗಟ್ಟಿಯಾಗಿ ಓದಿ. ಗೊಗೋಲ್, ರಾಬ್ಲೆ ಇಬ್ಬರ ಗದ್ಯವೂ ಮಾತಿನ ಲಯದ್ದು. ಕಣ್ಣಿಗೆ ಕಾಣದ ನಗು ಕಿವಿಗೆ ಬೀಳುತ್ತದೆ.

ಹಂತ 4: ಬೀಭತ್ಸದಿಂದ ಬಿಡಿಸಿಕೊಳ್ಳಿ

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೀಭತ್ಸ ಒಂದು ರಸ, ಅದರ ಸ್ಥಾಯಿಭಾವ ಜುಗುಪ್ಸೆ. ಸ್ಥಾಯಿ ಎಂದರೆ ದೃಶ್ಯದ ಉದ್ದಕ್ಕೂ ನೆಲೆನಿಂತು, ಉಳಿದ ಭಾವಗಳನ್ನೆಲ್ಲ ತನ್ನ ಕಡೆಗೆ ಸೆಳೆದುಕೊಳ್ಳುವ ಭಾವ. ರಣರಂಗದಲ್ಲಿ ಹೆಣ ತಿನ್ನುವ ಪಿಶಾಚಿಗಳ ವರ್ಣನೆ ಓದಿ ಹೇಸಿಗೆಯೊಂದೇ ಗಟ್ಟಿಯಾಗುತ್ತ ಹೋದರೆ ಅದು ಬೀಭತ್ಸ. ವಿಕಟದಲ್ಲಿ ಹಾಗೆ ನೆಲೆನಿಲ್ಲುವ ಭಾವ ಒಂದಿಲ್ಲ, ಎರಡು ಭಾವಗಳು ಒಂದನ್ನೊಂದು ನೂಕುತ್ತಲೇ ಇರುತ್ತವೆ.

ಅಲಂಕಾರಶಾಸ್ತ್ರಕ್ಕೆ ಇದು ಗೊತ್ತಿರಲಿಲ್ಲವೆಂದಲ್ಲ. ಯಾವ ರಸದ ಪಕ್ಕ ಯಾವುದನ್ನು ಇಡಬಾರದು ಎಂದು ‘ಧ್ವನ್ಯಾಲೋಕ’ದಲ್ಲಿ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ವಿವರವಾಗಿ ಚರ್ಚಿಸುತ್ತಾನೆ, ಶೃಂಗಾರ ಮತ್ತು ಬೀಭತ್ಸ ಅಂಥ ವಿರೋಧಿ ಜೋಡಿ. ಈಗ 1209ರ ಜನ್ನನ ‘ಯಶೋಧರ ಚರಿತೆ’ಯನ್ನು ತೆರೆಯಿರಿ. ಅರಸಿ ಅಮೃತಮತಿ ರಾತ್ರಿಯಲ್ಲಿ ಮಾವುತನ ಹಾಡು ಕೇಳಿ ಮನಸೋಲುತ್ತಾಳೆ. ಅವನನ್ನು ನೋಡಿಬರಲು ಹೋದ ಕೆಳದಿ ಮರಳಿ ಬಂದು ಅವನ ಕುರೂಪವನ್ನು ಅಂಗ ಅಂಗವಾಗಿ ಬಣ್ಣಿಸುತ್ತಾಳೆ. ಆ ಬಣ್ಣನೆಯಲ್ಲಿ ಹೇಸಿಗೆಯ ಜೊತೆಗೆ ಕೆಳದಿಯ ಲೇವಡಿಯೂ ಇದೆ. ಅಮೃತಮತಿ ಹಿಂಜರಿಯುವುದಿಲ್ಲ. ಕಸ್ತೂರಿ ಕಪ್ಪಾದರೇನು, ಚಂದನದ ಕೊರಡು ಮುರುಡಾದರೇನು, ಕಾಮನ ಬಿಲ್ಲು ಕೊಂಕಾದರೇನು ಎಂಬ ಧಾಟಿಯಲ್ಲಿ ಉತ್ತರ ಕೊಡುತ್ತಾಳೆ. ಆ ಉತ್ತರ ಮೋಹಕವಾಗಿಯೇ ಇದೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆದಾಗ ಅವಳು ಅವನ ಕಾಲಿಗೇ ಬೀಳುತ್ತಾಳೆ, ಗಂಡ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಾನೆ. ಶೃಂಗಾರ, ಜುಗುಪ್ಸೆ, ನಗು ಮೂರೂ ಒಂದೇ ಗಂಟಿನಲ್ಲಿವೆ. ಕಾವ್ಯದ ಒಟ್ಟು ಉದ್ದೇಶ ಜೈನಧರ್ಮದ ಬೋಧನೆ ನಿಜ, ಆ ಗಂಟನ್ನು ಬಿಚ್ಚುವ ನೀತಿಪಾಠವೂ ಮುಂದೆ ಬರುತ್ತದೆ. ಆದರೆ ಓದುಗರು ಎಂಟು ಶತಮಾನ ನೆನಪಿಟ್ಟುಕೊಂಡದ್ದು ಆ ಗಂಟನ್ನು. ಮಧ್ಯಕಾಲದ ವಿಕಟಕ್ಕೆ ಯುರೋಪಿನ ಯಾವ ಕೃತಿಯ ಪಕ್ಕದಲ್ಲೂ ನಾನು ಈ ಭಾಗವನ್ನು ನಿಸ್ಸಂಕೋಚವಾಗಿ ಇಡುತ್ತೇನೆ.

ಉಳಿದ ನೆರೆಹೊರೆಯನ್ನು ಬೇಗ ಮುಗಿಸೋಣ. ಭಯಾನಕ ಕತೆಯಲ್ಲಿ ನಗುವಿಗೆ ಜಾಗವಿಲ್ಲ. ವ್ಯಂಗ್ಯಚಿತ್ರದಂಥ ಬರಹದಲ್ಲಿ ಅಂಗಗಳು ದೊಡ್ಡದಾಗುತ್ತವೆ, ಆದರೆ ಜಾತಿ ಬದಲಾಗುವುದಿಲ್ಲ, ಭಯವೂ ಇರುವುದಿಲ್ಲ. ಅಸಂಗತ ನಾಟಕದಲ್ಲಿ ತಿಕ್ಕಾಟ ಅರ್ಥದ ಮಟ್ಟದ್ದು, ವಿಕಟದಲ್ಲಿ ಅದು ಮೈಯಲ್ಲಿ ಕಾಣಬೇಕು. ಗಡಿಗಳು ಗೋಡೆಯಷ್ಟು ಗಟ್ಟಿಯಲ್ಲ. ಒಂದೇ ಕೃತಿ ಎರಡು ಕಡೆ ನಿಂತರೆ ಗಾಬರಿಯಾಗಬೇಡಿ.

ಹಂತ 5: ಕೃತಿಯನ್ನು ಅದರ ಕಾಲಕ್ಕೆ ಕಳಿಸಿ

ಪ್ರತಿ ಕೃತಿಗೂ ಒಂದೇ ಪ್ರಶ್ನೆ ಹಾಕಿ: ಈ ವಿಕಾರಕ್ಕೆ ಅದರ ಲೋಕದೊಳಗೆ ಜಾಗವಿದೆಯೇ?

ಯುರೋಪಿನ ಮಧ್ಯಯುಗದಲ್ಲಿ ಇತ್ತು, ತಕರಾರಿನೊಡನೆ. 1125ರ ಸುಮಾರಿಗೆ ಕ್ಲೇರ್ವೋದ ಮಠಾಧಿಪತಿ ಬರ್ನಾರ್ಡ್ ತನ್ನೊಬ್ಬ ಸ್ನೇಹಿತನಿಗೆ ಬರೆದ ಪತ್ರರೂಪದ ಬರಹದಲ್ಲಿ, ಮಠದ ಅಂಗಳದ ಕಂಬಗಳ ಮೇಲೆ ಕೆತ್ತಿದ ರಾಕ್ಷಸರೂಪಗಳನ್ನು ಕಂಡು ಸಿಡಿಮಿಡಿಗೊಳ್ಳುತ್ತಾನೆ. ಒಂದು ತಲೆಗೆ ಹಲವು ಮೈ, ಒಂದು ಮೈಗೆ ಹಲವು ತಲೆ, ಅರ್ಧ ಮನುಷ್ಯ ಅರ್ಧ ಪ್ರಾಣಿ. ಸನ್ಯಾಸಿಗಳು ಪುಸ್ತಕ ಬಿಟ್ಟು ಕಲ್ಲನ್ನು ಓದುತ್ತ ದಿನ ಕಳೆಯುತ್ತಾರೆ ಎಂಬುದು ಅವನ ದೂರು. ಅವುಗಳನ್ನು ಕುರೂಪದ ಚೆಲುವು, ಚೆಲುವಿನ ಕುರೂಪ ಎಂದೂ ಕರೆಯುತ್ತಾನೆ. ವಿರೋಧಿಸಹೊರಟವನೇ ಅದರ ಸೆಳೆತವನ್ನು ಇಷ್ಟು ಚೆನ್ನಾಗಿ ಹೇಳಿದ್ದಾನೆ.

ಇಟಲಿಯ ಕವಿ ದಾಂತೆಯ ‘ಡಿವೈನ್ ಕಾಮಿಡಿ’ಯ ನರಕದಲ್ಲಿ ವಿಕಾರಕ್ಕೆ ಕಟ್ಟುನಿಟ್ಟಾದ ವಿಳಾಸವಿದೆ. ಅಪರಾಧದ ರೂಪವನ್ನೇ ಶಿಕ್ಷೆಯೂ ತಾಳುತ್ತದೆ. ತಂದೆಯನ್ನೂ ಮಗನನ್ನೂ ಅಗಲಿಸಿದವನು ತನ್ನ ಕಡಿದ ತಲೆಯನ್ನು ಕೂದಲು ಹಿಡಿದು ಲಾಂದ್ರದಂತೆ ಹೊತ್ತು ನಡೆಯುತ್ತಾನೆ. ಇಪ್ಪತ್ತನೆಯ ಸರ್ಗದಲ್ಲಿ ಭವಿಷ್ಯ ನುಡಿದವರ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿದೆ, ಅವರ ಕಣ್ಣೀರು ಬೆನ್ನಿನಗುಂಟ ಇಳಿದು ಪೃಷ್ಠದ ಸೀಳನ್ನು ತೋಯಿಸುತ್ತದೆ. ಅದನ್ನು ಕಂಡು ಕವಿ ಅಳುತ್ತಾನೆ, ಜೊತೆಗಿರುವ ಮಾರ್ಗದರ್ಶಿ ವರ್ಜಿಲ್ ಅವನನ್ನು ಗದರುತ್ತಾನೆ. ದೈವನಿಯಮ ನೇರವಾಗಿದೆ, ಆದರೂ ಮನುಷ್ಯದೇಹ ಹೀಗೆ ತಿರುಚಿದ್ದನ್ನು ಕಂಡ ಕಣ್ಣು ಆ ನಿಯಮಕ್ಕೆ ಪೂರ್ತಿ ತಲೆಬಾಗುವುದಿಲ್ಲ. ಇಲ್ಲಿ ನಿಧಾನವಾಗಿ ಓದಿ.

ಸಾಹಿತ್ಯದಿಂದ ಅರೆಗಳಿಗೆ ಆಚೆ ಹೋಗಬೇಕು. 1480ರ ಸುಮಾರಿಗೆ ರೋಮಿನಲ್ಲಿ ಮಣ್ಣು ಮುಚ್ಚಿದ್ದ ನೀರೋ ಚಕ್ರವರ್ತಿಯ ಅರಮನೆಯ ಕೋಣೆಗಳು ಪತ್ತೆಯಾದವು. ಗೋಡೆಗಳ ಮೇಲೆ ಬಳ್ಳಿಯಾಗಿ ಮುಗಿಯುವ ಮನುಷ್ಯರು, ಹೂವಿನಿಂದ ಹೊರಬರುವ ಮೃಗಗಳು ಇದ್ದವು. ಗುಹೆಯಂಥ (ಇಟಾಲಿಯನ್ ಭಾಷೆಯಲ್ಲಿ ‘ಗ್ರೊಟ್ಟಾ’) ಆ ಜಾಗದಿಂದಲೇ ಗ್ರೊಟೆಸ್ಕ್ ಎಂಬ ಹೆಸರು ಬಂತು. ಚಿತ್ರಕಾರ ರಾಫೆಲ್ ಮತ್ತವನ ಶಿಷ್ಯರು ಅದೇ ಶೈಲಿಯನ್ನು ವ್ಯಾಟಿಕನ್ನಿನ ಮೊಗಸಾಲೆಗೆ ತಂದರು. ಹೆಸರು ಬಣ್ಣದಿಂದ ಬರಹಕ್ಕೆ ದಾಟಿದ್ದು ಬೇಗ: 1580ರಲ್ಲಿ ಫ್ರೆಂಚ್ ಪ್ರಬಂಧಕಾರ ಮೊಂತೇನ್ ತನ್ನ ಪ್ರಬಂಧಗಳನ್ನೇ ಇಂಥ ಬೆಸುಗೆಯ ವಿಚಿತ್ರ ದೇಹಗಳೆಂದು ಕರೆದುಕೊಂಡ.

ರಾಬ್ಲೆ ವೈದ್ಯನಾಗಿದ್ದ ಎಂಬುದನ್ನು ಮರೆಯದೆ ಓದಿ. ಅವನಲ್ಲಿ ದೇಹ ಲೋಕದೊಳಗೆ ಹರಿಯುತ್ತದೆ, ಲೋಕ ದೇಹದೊಳಗೆ. ಗಾರ್ಗಾಂಟುವಾ ತಾಯಿಯ ಎಡಗಿವಿಯಿಂದ ಹುಟ್ಟಿ ‘ಕುಡಿಯಲು ಕೊಡಿ’ ಎಂದು ಕೂಗುತ್ತಾನೆ, ಅವನ ಹಾಲಿಗೆ 17,913 ಹಸುಗಳನ್ನು ಗೊತ್ತುಮಾಡುತ್ತಾರೆ. ಕತೆ ಹೇಳುವವನು ಪಾಂಟಗ್ರುಯೆಲನ ಬಾಯೊಳಗೆ ಇಳಿದರೆ ಅಲ್ಲಿ ಎಲೆಕೋಸು ನೆಡುತ್ತಿರುವ ಒಬ್ಬ ರೈತ ಸಿಗುತ್ತಾನೆ. ದೈತ್ಯನ ಬಾಯಿ ನುಂಗುವ ಗುಹೆಯಾಗಬೇಕಿತ್ತು, ಬೆಳೆ ಬೆಳೆಯುವ ನಾಡಾಗಿದೆ. ಓದುವ ಕ್ರಮದ ಬಗ್ಗೆ ಒಂದು ಮಾತು: ಗಾರ್ಗಾಂಟುವಾ ತಂದೆ, ಪಾಂಟಗ್ರುಯೆಲ್ ಮಗ, ಸಂಪುಟಗಳಲ್ಲಿ ತಂದೆಯ ಕತೆಯೇ ಮೊದಲು ಬರುತ್ತದೆ. ಆದರೆ ರಾಬ್ಲೆ ಮೊದಲು ಪ್ರಕಟಿಸಿದ್ದು ಮಗನದನ್ನು. ಅದನ್ನೇ ಮೊದಲು ಓದಿ, ಅದು ಹೆಚ್ಚು ಸಡಿಲ, ಹೆಚ್ಚು ಹುಮ್ಮಸ್ಸಿನದು.

ಸ್ವಿಫ್ಟ್‌ಗೆ ಬರುವಾಗ ಆ ಹುಮ್ಮಸ್ಸು ತಣ್ಣಗಾಗಿದೆ. ಐರ್ಲೆಂಡಿನ ಬಡತನಕ್ಕೆ ಪರಿಹಾರವಾಗಿ ಬಡವರ ಮಕ್ಕಳನ್ನು ಒಂದು ವರ್ಷ ಸಾಕಿ ಮಾಂಸಕ್ಕೆ ಮಾರಬೇಕೆನ್ನುವ 1729ರ ಅವನ ಬರಹದ ಭಯಂಕರತೆ ಇರುವುದು ಲೆಕ್ಕದಲ್ಲಿ: 1,20,000 ಮಕ್ಕಳಲ್ಲಿ 20,000 ತಳಿಗೆ ಉಳಿಸಿ, ಉಳಿದ 1,00,000 ಮಾರಾಟಕ್ಕೆ. ವಿಕಾರ ದೇಹದಿಂದ ಗುಮಾಸ್ತನ ಭಾಷೆಗೆ ದಾಟಿದೆ. ಗೊಗೋಲ್, ಕಾಫ್ಕಾ ಇಬ್ಬರೂ ಇದೇ ದಾರಿಯಲ್ಲಿ ಬರುತ್ತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ವಿಕ್ಟರ್ ಹ್ಯೂಗೋ ವಿಕಟಕ್ಕೆ ವಕಾಲತ್ತು ಹಾಕಿದ. ‘ಕ್ರಾಮ್‌ವೆಲ್’ ನಾಟಕಕ್ಕೆ 1827ರಲ್ಲಿ ಬರೆದ ಮುನ್ನುಡಿಯಲ್ಲಿ, ಚೆಲುವಿಗೆ ಒಂದೇ ಮಾದರಿ, ಕುರೂಪಕ್ಕೆ ಸಾವಿರ ಎಂದ, ಭವ್ಯದ ಪಕ್ಕದಲ್ಲಿ ವಿಕಟ ನಿಲ್ಲುವುದೇ ಹೊಸ ಸಾಹಿತ್ಯದ ಗುರುತು ಎಂದ. ಈ ಮುನ್ನುಡಿಯನ್ನು ಪೂರ್ತಿ ಓದಲೇಬೇಕೆಂದಿಲ್ಲ. ಅವನ 1831ರ ‘ನೋತ್ರ್ ದಾಮ್ ದ ಪಾರಿ’ ಕಾದಂಬರಿಯ ಒಂದು ದೃಶ್ಯ ಸಾಕು, ಅದು ಏಳನೆಯ ಹಂತದಲ್ಲಿ ಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ವಿಕಾರಕ್ಕೆ ಜಾಗವೇ ಇಲ್ಲ. ಕಾಫ್ಕಾನ ಹುಳುವಿಗೆ ಯಾವ ನರಕದ ವಿಳಾಸವೂ ಇಲ್ಲ, ಯಾವ ಅಪರಾಧಕ್ಕೆ ಈ ಮೈ ಎಂದು ಯಾರೂ ಹೇಳುವುದಿಲ್ಲ. ಕೊಲಂಬಿಯಾದ ಗಾರ್ಸಿಯಾ ಮಾರ್ಕ್ವೆಜ್‌ನ 1968ರ ‘ಎ ವೆರಿ ಓಲ್ಡ್ ಮ್ಯಾನ್ ವಿತ್ ಎನಾರ್ಮಸ್ ವಿಂಗ್ಸ್’ ಕತೆಯಲ್ಲಿ ಅಂಗಳದ ಕೆಸರಿಗೆ ಬಿದ್ದ ರೆಕ್ಕೆಯ ಮುದುಕನನ್ನು ಕೋಳಿಗೂಡಿನಲ್ಲಿ ಕೂಡಿಹಾಕುತ್ತಾರೆ. ಪಾದ್ರಿ ಬಂದು ಲ್ಯಾಟಿನ್‌ನಲ್ಲಿ ಮಾತಾಡಿಸುತ್ತಾನೆ, ಮುದುಕನಿಗೆ ದೇವರ ಭಾಷೆ ತಿಳಿಯುವುದಿಲ್ಲ, ರೆಕ್ಕೆಯ ತುಂಬ ಹೇನು. ದೇವದೂತನೆಂದು ಒಪ್ಪಿಕೊಂಡರೂ ಇಡಲು ಜಾಗ ಇರುವುದು ಕೋಳಿಗೂಡಿನಲ್ಲಿ ಮಾತ್ರ.

ಹಂತ 6: ಈಗ, ಈಗಷ್ಟೇ, ಸಿದ್ಧಾಂತ

ಎರಡು ಹೆಸರು ಸಾಕು. ರಷ್ಯದ ವಿಮರ್ಶಕ ಮಿಖಾಯಿಲ್ ಬಖ್ತಿನ್ ರಾಬ್ಲೆಯ ಮೇಲಿನ ಪ್ರಬಂಧವನ್ನು 1940ರಲ್ಲಿ ಪೂರೈಸಿದ, ಅದು ಪುಸ್ತಕವಾಗಿ ಹೊರಬಂದದ್ದು 1965ರಲ್ಲಿ. ಅವನ ಎರಡು ಪಾರಿಭಾಷಿಕ ಪದಗಳನ್ನು ತಿಳಿದುಕೊಳ್ಳಿ. ‘ಕಾರ್ನಿವಲ್’ ಎಂದರೆ ಕ್ರೈಸ್ತರ ಉಪವಾಸದ ದಿನಗಳಿಗೆ ಮುಂಚೆ ಮೇಲು-ಕೀಳುಗಳು ತಲೆಕೆಳಗಾಗುವ ಸಾರ್ವಜನಿಕ ಉತ್ಸವ, ಮತ್ತು ಆ ಉತ್ಸವದ ನಗು. ‘ವಿಕಟ ದೇಹ’ ಎಂದರೆ ಮುಚ್ಚಿ ಮುಗಿಯದ ದೇಹ: ಬಾಯಿ, ಹೊಟ್ಟೆ, ಗುದ, ಯೋನಿಗಳ ಮೂಲಕ ಲೋಕದೊಡನೆ ಕೊಡುಕೊಳ್ಳುತ್ತ, ತಿನ್ನುತ್ತ, ಹೆರುತ್ತ, ಸಾಯುತ್ತಲೇ ಹುಟ್ಟಿಸುವ ದೇಹ. ಅವನ ಪಾಲಿಗೆ ವಿಕಟ ಸಮೂಹದ್ದು, ಸಂತೋಷದ್ದು.

ವೋಲ್ಫ್‌ಗಾಂಗ್ ಕೈಸರ್ 1957ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕ ಇದಕ್ಕೆ ವಿರುದ್ಧ ದಿಕ್ಕಿನದು. ಅವನಿಗೆ ವಿಕಟವೆಂದರೆ ಪರಿಚಿತ ಲೋಕ ಇದ್ದಕ್ಕಿದ್ದಂತೆ ಅಪರಿಚಿತವಾಗುವುದು, ಕಾಲ ಕೆಳಗಿನ ನೆಲ ಜಾರುವುದು. ಬಖ್ತಿನ್ ತನ್ನ ಪುಸ್ತಕದಲ್ಲೇ ಕೈಸರ್‌ನನ್ನು ಟೀಕಿಸಿ, ಆಧುನಿಕರ ಕತ್ತಲನ್ನು ಇಡೀ ಪರಂಪರೆಗೆ ಹಚ್ಚಿದ್ದೀ ಎಂದು ಆಕ್ಷೇಪಿಸಿದ.

ನಾನು ಓದುಗರಿಗೆ ಹೇಳುವ ರೂಢಿ ಇದು: ರಾಬ್ಲೆಯನ್ನು ಕೈಸರ್‌ನ ಕಣ್ಣಲ್ಲೂ ಕಾಫ್ಕಾನನ್ನು ಬಖ್ತಿನ್‌ನ ಕಣ್ಣಲ್ಲೂ ಒಮ್ಮೆ ನೋಡಿ. ಹೊಂದುವ ಜೋಡಿಯಿಂದ ಗೊತ್ತಿದ್ದದ್ದೇ ಮರಳಿ ಸಿಗುತ್ತದೆ. ಬಖ್ತಿನ್‌ನ ಕಣ್ಣಲ್ಲಿ ‘ರೂಪಾಂತರ’ದ ಕೊನೆಯ ಪುಟ ಓದಿದರೆ, ಗ್ರೆಗೋರ್ ಸತ್ತ ಮೇಲೆ ಟ್ರಾಮಿನಲ್ಲಿ ಹೊರಟ ಮನೆಮಂದಿಯ ಮುಂದೆ ತಂಗಿ ಎದ್ದುನಿಂತು ತನ್ನ ಎಳೆಯ ಮೈ ಮುರಿಯುವುದು ಕಾಣುತ್ತದೆ. ಒಂದು ದೇಹ ಸಾಯುತ್ತದೆ, ಒಂದು ದೇಹ ಅರಳುತ್ತದೆ. ರಾಬ್ಲೆಯಲ್ಲಿ ಹಬ್ಬವಾಗಿದ್ದ ಅದೇ ವಿನ್ಯಾಸ ಇಲ್ಲಿ ಕ್ರೂರವಾಗಿದೆ.

ಎಚ್ಚರಿಕೆ: ಕೃತಿಯಲ್ಲಿ ಅಶ್ಲೀಲ ಬೈಗುಳ ಕಂಡಲ್ಲೆಲ್ಲ ‘ಕಾರ್ನಿವಲ್’ ಎಂದು ಬರೆಯಬೇಡಿ. ಮೇಲಿದ್ದದ್ದು ಕೆಳಗಿಳಿದು ಹೊಸದೇನಾದರೂ ಹುಟ್ಟಿತೇ ಎಂದು ಕೇಳಿ. ಹುಟ್ಟದಿದ್ದರೆ ಅದು ಬರೀ ಬೈಗುಳ.

ಹಂತ 7: ಯಾರು ನಗುತ್ತಾರೆ, ಯಾರ ಮೈ ನೋಡಿ?

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ವಿಕಟ ಸಾಹಿತ್ಯದ ಬಹುಪಾಲು ಗೂನುಬೆನ್ನು, ಕುಳ್ಳು, ಕುಂಟುಗಳ ಮೇಲೆ ನಿಂತಿದೆ. ಅವು ನಿಜವಾದ ಮನುಷ್ಯರ ನಿಜವಾದ ಮೈಗಳು. ಉತ್ಸವದ ನಗು ಯಾವಾಗಲೂ ಬಲಿಷ್ಠರನ್ನೇ ಗುರಿಮಾಡುತ್ತಿರಲಿಲ್ಲ.

ಹ್ಯೂಗೋನ ಕಾದಂಬರಿಯಲ್ಲಿ 1482ರ ಪ್ಯಾರಿಸ್. ಮೂಢರ ಪೋಪನನ್ನು ಆರಿಸಲು ಮುಖ ವಿಕಾರ ಮಾಡುವ ಸ್ಪರ್ಧೆ ನಡೆಯುತ್ತಿದೆ. ಒಡೆದ ಗಾಜಿನ ಕಿಟಕಿಯೊಳಗಿಂದ ಒಬ್ಬೊಬ್ಬರೂ ಮುಖ ತೋರಿಸುತ್ತಾರೆ, ಜನ ಹೊಟ್ಟೆ ಹಿಡಿದು ನಗುತ್ತಾರೆ. ಕೊನೆಗೊಂದು ಮುಖ ಎಲ್ಲರನ್ನೂ ಮೀರಿಸುತ್ತದೆ. ಗೆದ್ದವನನ್ನು ಹೊರಗೆ ಕರೆತಂದಾಗ ತಿಳಿಯುತ್ತದೆ, ಅವನು ಯಾವ ವಿಕಾರವನ್ನೂ ಮಾಡಿರಲಿಲ್ಲ, ಕ್ವಾಸಿಮೋಡೋನ ಮುಖವೇ ಅದು. ಆ ಸಾಲಿಗೆ ಬರುವವರೆಗೆ ನೀವೂ ಜನರ ಜೊತೆ ನಗುತ್ತಿದ್ದಿರಿ. ಹ್ಯೂಗೋ ಅದನ್ನು ಬಲ್ಲ. ಮುಂದೆ ಅದೇ ಜನ ಕಂಬಕ್ಕೆ ಕಟ್ಟಿದ ಅವನು ನೀರು ಕೇಳಿದಾಗಲೂ ನಗುತ್ತಾರೆ, ಆಗ ನಿಮ್ಮಿಂದ ನಗಲಾಗುವುದಿಲ್ಲ.

ಅಮೆರಿಕದ ಎಡ್ಗರ್ ಅಲನ್ ಪೋನ 1849ರ ‘ಹಾಪ್-ಫ್ರಾಗ್’ನಲ್ಲಿ ಕುಳ್ಳ ವಿದೂಷಕನೇ ನಗುವನ್ನು ಕೈಗೆತ್ತಿಕೊಳ್ಳುತ್ತಾನೆ: ತನ್ನನ್ನು ಹಿಂಸಿಸಿದ ರಾಜನಿಗೂ ಏಳು ಮಂತ್ರಿಗಳಿಗೂ ಟಾರು ಬಳಿದು ವಾನರ ವೇಷ ಹಾಕಿಸಿ, ಸರಪಳಿಯಲ್ಲಿ ಮೇಲಕ್ಕೆಳೆದು ಸುಟ್ಟುಬಿಡುತ್ತಾನೆ. ಅಮೆರಿಕದ ದಕ್ಷಿಣದ ಫ್ಲ್ಯಾನರಿ ಒಕಾನರ್ 1955ರ ‘ಗುಡ್ ಕಂಟ್ರಿ ಪೀಪಲ್’ ಕತೆಯಲ್ಲಿ ಇನ್ನೂ ಸೂಕ್ಷ್ಮವಾದ ಕೆಲಸ ಮಾಡುತ್ತಾಳೆ. ತತ್ವಶಾಸ್ತ್ರ ಓದಿದ, ಮರದ ಕಾಲಿನ ಹುಲ್ಗಾ ಎಂಬ ಹೆಂಗಸಿಗೆ ಬೈಬಲ್ ಮಾರುವ ಹುಡುಗ ಪೆದ್ದನಾಗಿ ಕಾಣುತ್ತಾನೆ. ಅವನು ಅವಳ ಮರದ ಕಾಲನ್ನೇ ಪೆಟ್ಟಿಗೆಗೆ ಹಾಕಿಕೊಂಡು, ಅವಳನ್ನು ಹುಲ್ಲಿನ ಅಟ್ಟದ ಮೇಲೆ ಬಿಟ್ಟು ನಡೆಯುತ್ತಾನೆ. ಇಲ್ಲಿ ವಿಕಟ ಯಾವುದು? ಮರದ ಕಾಲೇ, ಅದನ್ನು ಕದ್ದವನ ಖಾಲಿ ಮನಸ್ಸೇ, ಅವಳ ಜಂಬವೇ? ತಾನು ವಿಕಟವಾದದ್ದನ್ನು ಬರೆದರೆ ಅಮೆರಿಕದ ಉತ್ತರ ಭಾಗದ ಓದುಗರು ವಾಸ್ತವವೆನ್ನುತ್ತಾರೆ, ಉಳಿದದ್ದನ್ನೆಲ್ಲ ವಿಕಟವೆನ್ನುತ್ತಾರೆ ಎಂದು ಒಕಾನರ್ 1960ರ ಉಪನ್ಯಾಸದಲ್ಲಿ ಹೇಳಿದ್ದಳು. ಯಾವುದನ್ನಾದರೂ ‘ವಿಕಾರ’ ಎಂದು ಕರೆಯುವ ಮುನ್ನ ಎಲ್ಲಿ ನಿಂತು ನೋಡುತ್ತಿದ್ದೀರಿ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದುಕೊಳ್ಳಿ.

ಹಂತ 8: ಬರೆಯುವುದಾದರೆ

ಒಂದೇ ದೃಶ್ಯ ಆರಿಸಿ. ಮೈಯಲ್ಲಿ ಏನು ಆಗುತ್ತಿದೆ, ನಗು ಎಲ್ಲಿಂದ ಬಂತು, ಹೇಸಿಗೆ ಎಲ್ಲಿಂದ, ಆ ಲೋಕದಲ್ಲಿ ಅದಕ್ಕೆ ಜಾಗವಿದೆಯೇ ಎಂಬುದನ್ನು ಈ ಕ್ರಮದಲ್ಲೇ ಬರೆಯಿರಿ. ‘ಇದು ಸಮಾಜದ ಕೊಳಕಿನ ಪ್ರತೀಕ’ ಎಂಬಂಥ ವಾಕ್ಯ ತಾನಾಗಿ ಬಂದರೆ ಹೊಡೆದುಹಾಕಿ, ಆ ಜಾಗದಲ್ಲಿ ಮೈಯ ಇನ್ನೊಂದು ವಿವರ ಸೇರಿಸಿ.

ಓದುವ ಅನುಕ್ರಮ: ‘ಮೂಗು’, ‘ರೂಪಾಂತರ’, ಒಕಾನರ್ ಮತ್ತು ಮಾರ್ಕ್ವೆಜ್‌ರ ಕತೆಗಳು, ಅಮೃತಮತಿಯ ಪ್ರಸಂಗ, ದಾಂತೆಯ ನರಕದ ಇಪ್ಪತ್ತರಿಂದ ಇಪ್ಪತ್ತೆಂಟನೆಯ ಸರ್ಗಗಳು, ಆಮೇಲೆ ರಾಬ್ಲೆ. ಅಸಹ್ಯವಾದರೆ ನಿಲ್ಲಿಸಿ, ನಿಲ್ಲಿಸಿದ ಸಾಲಿಗೆ ಗುರುತು ಹಾಕಿ, ಮುಂದಿನ ಸಲ ಅದೇ ಸಾಲಿನಿಂದ ಶುರು ಮಾಡಿ. ಬಖ್ತಿನ್‌ನ ಪುಸ್ತಕವನ್ನು ಮಾತ್ರ ರಾಬ್ಲೆಯನ್ನು ಮುಗಿಸುವವರೆಗೆ ತೆರೆಯಬೇಡಿ.